ಸೆರೆಯಾಳಿನ ತಂದೆ

ಯುದ್ಧದಲ್ಲಿ ಮಡಿದವನಿಗೆ ನಮ್ಮ ನಾಡಿನಲ್ಲಿ ವೀರಗಲ್ಲು ಉಂಟು. ಗೆದ್ದು ಬಂದವನಿಗೆ ಹೂವಿನ ಹಾರ ಉಂಟು. ಹಗೆಯ ಕೈಗೆ ಸಿಕ್ಕಿ, ಸೆರೆಯಲ್ಲಿ ನವೆದು, ಬದುಕಿ ಬಂದವನಿಗೆ ಏನುಂಟು? ಅವನ ಮನೆಯವರು ಅವನನ್ನು ಗೌರವಿಸುವ ಬಗೆ ಯಾವುದು?

1965ರ ಭಾರತ-ಪಾಕಿಸ್ತಾನ ಯುದ್ಧದ ಒಂದು ಪ್ರಸಂಗ ಈ ಪ್ರಶ್ನೆಗೆ ಬೆಳಕು ಕೊಡುತ್ತದೆಂದು ನನಗೆ ತೋರುತ್ತದೆ. ಸೆಪ್ಟೆಂಬರ್ 22ರಂದು ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪನವರ ಹಂಟರ್ ವಿಮಾನ ಶತ್ರುವಿನ ಗುಂಡಿಗೆ ಸಿಕ್ಕಿತು. ಹೊರಕ್ಕೆ ಹಾರಿ ಜೀವ ಉಳಿಸಿಕೊಂಡರು, ಬೆನ್ನುಮೂಳೆಗೆ ಪೆಟ್ಟಾಯಿತು, ಸೆರೆಯಾದರು. ಮರುದಿನವೇ ಕದನವಿರಾಮ. ಅವರ ತಂದೆ ಕೊಡಗಿನ ಜನರಲ್ ಕೆ. ಎಂ. ಕಾರ್ಯಪ್ಪ, 1949ರಲ್ಲಿ ನಮ್ಮ ಸೇನೆಯ ಮೊದಲ ಭಾರತೀಯ ದಂಡನಾಯಕರಾದವರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ದೇಶ ಒಡೆಯುವ ಮುನ್ನ ಇವರ ಕೈಕೆಳಗೆ ದುಡಿದಿದ್ದರು. ಆ ಹಳೆಯ ಗೌರವದಿಂದ, ಮಗನನ್ನು ಬಿಟ್ಟುಬಿಡುವುದಾಗಿ ಹೇಳಿಕಳುಹಿಸಿದರಂತೆ. ತಂದೆ ಒಪ್ಪಲಿಲ್ಲ. ಅವನೀಗ ದೇಶದ ಮಗ. ಬಿಡುವುದಾದರೆ ಎಲ್ಲರನ್ನೂ ಬಿಡಿ, ಅವನೊಬ್ಬನಿಗೆ ವಿಶೇಷ ಉಪಚಾರ ಬೇಡ ಎಂಬುದು ಅವರ ಉತ್ತರದ ಸಾರ.

ಇದು ಕಲ್ಲೆದೆಯಲ್ಲವೇ? ಬಿಡುಗಡೆಯನ್ನು ಒಲ್ಲೆನೆನ್ನುವ ಹಕ್ಕು ಸೆರೆಯೊಳಗಿರುವವನದು. ಹೊರಗಿರುವ ತಂದೆಗೆ ಅದನ್ನು ಕೊಟ್ಟವರಾರು? ಮಗ ಗಾಯಗೊಂಡಿದ್ದನೆಂಬುದನ್ನು ನೆನೆದರೆ ಈ ಆಕ್ಷೇಪಣೆ ಹಗುರವಾದುದೇನಲ್ಲ.

ಆದರೆ ಅದೇ ಸೆರೆಯಲ್ಲಿ ಕಲಬುರಗಿ ಜಿಲ್ಲೆಯ ಹವಳಗಾದ ರೈತನ ಮಗನೊಬ್ಬ ಇದ್ದನೆಂದು ಭಾವಿಸಿ ನೋಡೋಣ. ಅವನ ತಂದೆಗೆ ಯಾವ ರಾಷ್ಟ್ರಾಧ್ಯಕ್ಷರ ಪರಿಚಯವಿದ್ದೀತು? ತೊಗರಿ ಹೊಲದ ಬದುವಿನಲ್ಲಿ ನಿಂತು ದಾರಿ ನೋಡುವುದಷ್ಟೇ ಅವನ ಪಾಲು. ಪಕ್ಕದವನು ಹೆಸರಿನ ಬಲದಿಂದ ಹೊರಟುಹೋದರೆ ಉಳಿದವನ ಸೆರೆ ಇಮ್ಮಡಿಯಾಗುತ್ತದೆ. ಹೊರಟುಹೋದವನ ಮನಸ್ಸಿಗಾದರೂ ನೆಮ್ಮದಿಯುಂಟೇ?

1949ರ ಜಿನೀವಾ ಒಪ್ಪಂದವು ಸೆರೆಯಾಳುಗಳನ್ನು ಭೇದವೆಣಿಸದೆ ಕಾಣಬೇಕೆಂದು ವಿಧಿಸುತ್ತದೆ. ಗಾಯ, ಕಾಯಿಲೆಗಳ ಕಾರಣದಿಂದ ಹೆಚ್ಚಿನ ಆರೈಕೆ ಸಲ್ಲಬಹುದೆಂದೂ ಒಪ್ಪುತ್ತದೆ. ಬೆನ್ನಿನ ಪೆಟ್ಟಿಗಾಗಿ ಬಿಡುಗಡೆ ಬಂದಿದ್ದರೆ ಅದು ನ್ಯಾಯ. ಮನೆತನದ ಹೆಸರಿಗಾಗಿ ಬರುವುದು ಕೃಪೆ. ತಂದೆ ಒಲ್ಲೆನೆಂದದ್ದು ಈ ಕೃಪೆಯನ್ನು.

1966ರ ಜನವರಿಯಲ್ಲಿ ಮಗ ಇತರ ಸೆರೆಯಾಳುಗಳೊಂದಿಗೆ ಮರಳಿದರು. ಮುಂದೆ ಏರ್ ಮಾರ್ಷಲ್ ಆದರು. ಪದವಿ ದೊಡ್ಡದೇ. ಆದರೆ ಸಂಗಾತಿಗಳ ನಡುವೆ ಸರಿಸಮನಾಗಿ ಕುಳಿತುಕೊಳ್ಳುವ ಹಕ್ಕನ್ನು ತಂದೆ ಅದಕ್ಕೂ ಮೊದಲೇ ಉಳಿಸಿಕೊಟ್ಟಿದ್ದರು. ಸೆರೆಯಿಂದ ಬಂದ ನಮ್ಮವನನ್ನು ಕೂರಿಸಿಕೊಂಡು ಸಾಹಸದ ಕಥೆ ಕೇಳುವುದು ಸಹಜ. ಅದರ ಜೊತೆಗೆ, ಅವನೊಡನೆ ಇದ್ದವರು ಯಾರು, ಅವರೆಲ್ಲ ಮನೆ ಸೇರಿದರೇ ಎಂದೂ ಕೇಳಿದರೆ, ಅವನಿಗೆ ಸಲ್ಲಬೇಕಾದ ಗೌರವ ಸಂದಂತಾಗುತ್ತದೆ.