ಬರೆದುಕೊಡಿ ಸಾರ್

ಬಾಡಿಗೆ ಕಾರು ಓಡಿಸೋಕೆ ಲೈಸೆನ್ಸ್ ಕೇಳಲು ಹೋದ ನಮ್ಮ ಕೇರಿಯ ಹುಡುಗ ಬರಿಗೈಲಿ ವಾಪಸು ಬಂದ. ಬನಶಂಕರಿಯಲ್ಲಿ ನಾಲ್ಕು ಜನ ಹಂಚಿಕೊಂಡಿರುವ ರೂಮಿನ ಹೊಸ್ತಿಲಲ್ಲಿ ಕೂತು, "ಆಗಲ್ಲ ಹೋಗು ಅಂದ್ಬಿಟ್ರು ಕಣಣ್ಣ" ಅಂದ. ಯಾಕಂತೆ ಅಂದೆವು. "ಯಾಕೆ ಅಂತ ನಾನು ಕೇಳ್ಲಿಲ್ಲ." ಹೊರಗೆ ನಿಂತಿದ್ದ ಬ್ರೋಕರು ಮಾತ್ರ, ದುಡ್ಡು ಬಿಚ್ಚಿದ್ರೆ ಆಗುತ್ತೆ ಅಂದನಂತೆ.

ಗೆಳೆಯರೆ, ಆ 'ಕೇಳ್ಲಿಲ್ಲ' ನಮ್ಮ ನಿದ್ದೆ ಕೆಡಿಸಿತು. ಹೋಟೆಲು, ಬಾವಿ, ಗುಡಿಗಳ ಮುಂದೆ 'ಬರಬೇಡ' ಅಂದಾಗ ನಮ್ಮಪ್ಪಂದಿರಿಗೆ ಯಾರೂ ಕಾರಣ ಹೇಳಲಿಲ್ಲ. ಹುಟ್ಟೇ ಕಾರಣವಾದ ಮೇಲೆ ಬೇರೆ ಕಾರಣ ಯಾಕೆ? ತಲೆ ತಗ್ಗಿಸಿ ಹಿಂದಿರುಗುವ ಆ ಅಭ್ಯಾಸ ಇವತ್ತು ಕೌಂಟರಿನ ಮುಂದೆಯೂ ನಮ್ಮ ನಾಲಿಗೆ ಹಿಡಿದು ನಿಲ್ಲಿಸುತ್ತಿದೆ.

ಹಾಗಾದರೆ 'ಇಲ್ಲ' ಅನ್ನುವುದೆಲ್ಲ ಅನ್ಯಾಯವೇ? ಅಲ್ಲ. ೧೯೨೯ರಲ್ಲಿ ಬಾಬಾಸಾಹೇಬರು ಮಹಾರಾಷ್ಟ್ರದ ಚಾಳೀಸಗಾಂವ್‌ಗೆ ಹೋದಾಗ, ಮಹಾರನನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಟಾಂಗಾದವರು ಒಪ್ಪಲಿಲ್ಲ. ಕೇರಿಯವರು ಟಾಂಗಾ ಬಾಡಿಗೆಗೆ ಪಡೆದು ತಮ್ಮವನನ್ನೇ ಹೊಡೆಯಲು ಕೂರಿಸಿದರು. ಅವನಿಗೆ ಗಾಡಿ ಹೊಡೆದು ರೂಢಿಯಿರಲಿಲ್ಲ. ಹೊಳೆಯ ಮೋರಿಯ ಮೇಲೆ ಗಾಡಿ ಉರುಳಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ಆ ಕಾಲು ಮುರಿದದ್ದು ಜಾತಿ. ಆದರೆ ಕಲಿಯದ ಕೈಗೆ ಲಗಾಮು ಕೊಡಬಾರದೆಂಬ ಪಾಠವೂ ಅಲ್ಲೇ ಇದೆ. ಪರೀಕ್ಷೆಯಲ್ಲಿ ಫೇಲಾದವನಿಗೆ 'ಕಲಿತು ಬಾ' ಅಂದರೆ ಒಪ್ಪೋಣ. ಏಳು ದಿನ ಕಳೆದು ಮತ್ತೆ ಪರೀಕ್ಷೆಗೆ ನಿಲ್ಲೋಣ.

ಕಾರಣದ ವೇಷ ತೊಟ್ಟು ಬರುವ 'ಇಲ್ಲ'ವೂ ಉಂಟು. ೨೦೧೯ರವರೆಗೆ ಬಾಡಿಗೆ ವಾಹನದ ಲೈಸೆನ್ಸಿಗೆ ಎಂಟನೇ ಕ್ಲಾಸು ಪಾಸಾಗಿರಬೇಕೆಂಬ ನಿಯಮವಿತ್ತು. ಸ್ಟೀರಿಂಗು ಮಾರ್ಕ್ಸ್ ಕಾರ್ಡು ಕೇಳುತ್ತದೆಯೇ? ನಮ್ಮನ್ನು ಸ್ಕೂಲಿನಿಂದ ದೂರ ಇಟ್ಟ ಸಮಾಜವೇ, ಸ್ಕೂಲಿಗೆ ಹೋಗಲಿಲ್ಲವೆಂದು ಅನ್ನವನ್ನೂ ಕಿತ್ತುಕೊಂಡಿತು. ಆ ನಿಯಮ ಹೋದದ್ದು ಬರೀ ನ್ಯಾಯಕ್ಕಾಗಿಯೂ ಅಲ್ಲ. ಹರಿಯಾಣದ ಮೇವಾತಿನ ಬಡ ಡ್ರೈವರುಗಳ ಹೊಟ್ಟೆಪಾಡಿನ ಪ್ರಶ್ನೆ ಎದ್ದಿತ್ತು ನಿಜ. ಜೊತೆಗೆ ಸುಮಾರು ೨೨ ಲಕ್ಷ ಚಾಲಕರ ಕೊರತೆಯಿದೆಯೆಂದು ಕೇಂದ್ರ ಸರ್ಕಾರವೇ ಹೇಳಿತು. ದುಡಿಯುವ ಕೈ ಬೇಕಾದಾಗ ಎಂಟನೇ ಕ್ಲಾಸು ಬೇಡವಾಯಿತು!

ಅದಕ್ಕೇ ಕಾರಣ ಕೇಳಬೇಕು. ೧೯೮೮ರ ಮೋಟಾರು ವಾಹನ ಕಾಯಿದೆಯ ೧೭ನೇ ಕಲಮಿನಂತೆ, ಲೈಸೆನ್ಸ್ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಆ ಆದೇಶ ಕೈಸೇರಿದ ೩೦ ದಿನದೊಳಗೆ ಮೇಲ್ಮನವಿ ಹಾಕಬಹುದು. ಬಾಯಿಮಾತಿನ 'ಆಗಲ್ಲ'ದ ಮೇಲೆ ಯಾವ ಮೇಲ್ಮನವಿ ಹಾಕುವುದು? ಬಾಯಿಮಾತಿಗೆ ಬ್ರೋಕರೇ ಗತಿ.

ಬ್ರೋಕರಿಗೆ ಕೊಟ್ಟರೆ ಬೇಗ ಅನ್ನ. ಕಾಗದ ಕೇಳಿದರೆ ಅಲೆದಾಟ, ಕೂಲಿ ನಷ್ಟ. ಹಸಿದವನಿಗೆ ದೂರ ಕೂತು ನೀತಿ ಹೇಳುವ ಹಕ್ಕು ನಮಗಿಲ್ಲ. ಆದರೂ ಲಂಚ ಕೊಟ್ಟ ದಿನ ಹಕ್ಕು ಮತ್ತೆ ಭಿಕ್ಷೆಯಾಗುತ್ತದೆ. ಹಿಂದೆ ಬರುವ ದುಡ್ಡಿಲ್ಲದವನಿಗೆ ಬಾಗಿಲು ಇನ್ನಷ್ಟು ಬಿಗಿಯುತ್ತದೆ. ಪರೀಕ್ಷೆಯನ್ನೇ ಕೊಂಡುಕೊಂಡವನು ಯಾರದೋ ಕಾಲು ಮುರಿಯುತ್ತಾನೆ.

ಹಾಗಾಗಿ ಈ ನೀತಿಯ ಖರ್ಚು ಅವನೊಬ್ಬನ ತಲೆಗೆ ಬೀಳಬಾರದು. ಮನೆತನಕ್ಕೇ ಮೊದಲು ಬಿ.ಎ. ಮಾಡಿದ ನಾವು, ಊರಿನ ಮೇಷ್ಟ್ರು, ಹಾಸ್ಟೆಲಿನ ಹುಡುಗರು ಯಾತಕ್ಕಿದ್ದೇವೆ? ಅರ್ಜಿ ನಾವು ಬರೆಯೋಣ, ಸಾಲಿನಲ್ಲಿ ಜೊತೆಗೆ ನಿಲ್ಲೋಣ, ಕಳೆದ ಕೂಲಿಯನ್ನು ಹಂಚಿಕೊಂಡು ತುಂಬಿಸೋಣ.

ಸೋಮವಾರ ನಾವು ಮೂವರು ಅವನ ಜೊತೆ ಹೋಗುತ್ತೇವೆ. ಮಾತಾಡುವವನು ಮಾತ್ರ ಅವನೇ. ಈಗಿನಿಂದಲೇ ಬಾಯಿಪಾಠ ಮಾಡುತ್ತಿದ್ದಾನೆ: "ಯಾಕೆ ಆಗಲ್ಲ? ಬರೆದುಕೊಡಿ ಸಾರ್."