37.5 ವ್ಯಾಟಿನ ಗೆರೆ

ವಿಂಗಡಣೆ ಅನ್ನುವುದೆಲ್ಲ ನಾವು ಮಾಡಿಕೊಂಡದ್ದು, ವಸ್ತುವಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೊನ್ನೆ ತತ್ವಶಾಸ್ತ್ರದ ಮೇಷ್ಟ್ರೊಬ್ಬರು ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ ಅದನ್ನೇ ಹೇಳಿದರು. "ಗೆರೆ ಎಳೆಯೋರು ನಾವು ಸ್ವಾಮಿ, ಎಲ್ಲಿ ಎಳೆದರೂ ನಡೆಯುತ್ತೆ." ಪೀಣ್ಯದ ಸಣ್ಣ ಕಾರ್ಖಾನೆಯೊಂದಕ್ಕೆ 22 ವರ್ಷದಿಂದ ಆಮದು-ರಫ್ತಿನ ಕಾಗದಪತ್ರ ನೋಡಿಕೊಳ್ಳುತ್ತಿರುವವನು ನಾನು. ಎಲ್ಲಿ ಎಳೆದರೂ ನಡೆಯುವುದಿಲ್ಲ ಎಂಬುದನ್ನು ಬಾಡಿಗೆ ಕಟ್ಟಿ ಕಲಿತಿದ್ದೇನೆ.

ಒಮ್ಮೆ ಮುಷ್ಟಿಯಲ್ಲಿ ಹಿಡಿಸುವಂಥ 12 ವೋಲ್ಟಿನ ಡಿಸಿ ಮೋಟಾರುಗಳನ್ನು ತರಿಸಿದ್ದೆವು. ಸುಂಕದ ಪಟ್ಟಿಯಲ್ಲಿ ವಿದ್ಯುತ್ ಮೋಟಾರುಗಳ ಮನೆ 8501. ಅದರೊಳಗೆ 37.5 ವ್ಯಾಟ್ ದಾಟದವು 8501 10ಕ್ಕೆ ಹೋಗುತ್ತವೆ. ಅದನ್ನು ದಾಟಿ 750 ವ್ಯಾಟಿನೊಳಗಿರುವ ಡಿಸಿ ಮೋಟಾರುಗಳು 8501 31ಕ್ಕೆ. ನಾವು ಬಿಲ್ ಆಫ್ ಎಂಟ್ರಿಯಲ್ಲಿ ಮೊದಲನೆಯದನ್ನು ಬರೆದಿದ್ದೆವು. ಇನ್‌ವಾಯ್ಸಿನಲ್ಲಿ ಮಾತ್ರ 45 ವ್ಯಾಟ್ ಎಂದಿತ್ತು. ಕ್ವೆರಿ ಬಂತು, ಪೆಟ್ಟಿಗೆಗಳು ಡಿಪೋದಲ್ಲಿ 11 ದಿನ ಕೂತವು, ಡೆಮರೇಜ್ ಏರಿತು. ತಪ್ಪು ನಮ್ಮದೇ. 45 ಎಂಬುದು ಮೋಟಾರು ತಂತಿಯಿಂದ ಎಳೆದುಕೊಳ್ಳುವ ಲೆಕ್ಕ. ಪಟ್ಟಿ ಕೇಳುವುದು ಶಾಫ್ಟಿನಿಂದ ಹೊರಬರುವುದನ್ನು. ಪರೀಕ್ಷೆಗೆ ಕೂರಿಸಿ ಶಾಫ್ಟಿಗೆ ಭಾರ ಕೊಟ್ಟು ಅಳೆದಾಗ ಬಂದದ್ದು 28. ಮಿಕ್ಕಿದ್ದು ಸುರುಳಿಯ ಬಿಸಿಗೂ ಬೇರಿಂಗಿನ ತಿಕ್ಕಾಟಕ್ಕೂ ಹೋಗಿತ್ತು. ಆ 28 ಅನ್ನು ಯಾರೂ ಕೂತು ತೀರ್ಮಾನಿಸಲಿಲ್ಲ. ಮೋಟಾರೇ ಹೇಳಿತು.

ಈ ವಿಷಯದಲ್ಲಿ ವೈಶೇಷಿಕರ ಸಾಮಾನ್ಯ-ವಿಶೇಷಗಳನ್ನೂ ಪ್ಲೇಟೋನ ಮೂಲರೂಪಗಳನ್ನೂ ಓದಿದ್ದೇನೆ. ಗೌರವವಿದೆ, ರುಚಿ ಹತ್ತಲಿಲ್ಲ. ನನ್ನನ್ನು ಬಿಡದೆ ಕಾಡುವವನು ಜಾನ್ ಲಾಕ್. ಮೇಷ್ಟ್ರು ಆಡಿದ ಮಾತಿನ ಬೇರು ಇರುವುದು ಅವನಲ್ಲೇ. ಅವನು ಬರೀ ಪುಸ್ತಕದ ಹುಳುವಾಗಿರಲಿಲ್ಲ. 1689ರಲ್ಲಿ ಇಂಗ್ಲೆಂಡಿನ ಎಕ್ಸೈಸ್ ಸುಂಕದ ಮೇಲ್ಮನವಿ ಕೇಳುವ ಆಯುಕ್ತರಲ್ಲಿ ಒಬ್ಬನಾದ, 1696ರಿಂದ ಕೆಲವು ವರ್ಷ ವ್ಯಾಪಾರ ಮಂಡಳಿಯಲ್ಲೂ ಕೂತ. ಸುಂಕದ ತಕರಾರು ಎಂದರೇನೆಂದು ತಿಳಿದವನು. ಮನುಷ್ಯನ ತಿಳಿವಳಿಕೆಯ ಬಗ್ಗೆ ಅವನು ಬರೆದ ದೊಡ್ಡ ಗ್ರಂಥದಲ್ಲಿ ಒಂದು ಗಡಿಯಾರ ಬರುತ್ತದೆ. ಗಂಟೆ ಹೊಡೆಯುವ ಗಡಿಯಾರವೂ ಹೊಡೆಯದ ಗಡಿಯಾರವೂ ಒಂದೇ ಜಾತಿಯೋ ಎರಡೋ? ಎರಡಕ್ಕೂ ಒಂದೇ ಹೆಸರಿಟ್ಟುಕೊಂಡವನಿಗೆ ಒಂದು, ಬೇರೆ ಬೇರೆ ಹೆಸರಿರುವವನಿಗೆ ಎರಡು ಎನ್ನುತ್ತಾನೆ. ಒಳಗೆ ನಾಲ್ಕು ಚಕ್ರವೋ ಐದೋ ಎಂಬುದರಿಂದ ತಾನಾಗಿ ಜಾತಿ ಹುಟ್ಟುವುದಿಲ್ಲ. ಜಾತಿಯ ಗೆರೆ ಹೆಸರಿನ ಬೆನ್ನಿಗೆ ಬರುತ್ತದೆ.

ಇದನ್ನು ಒಪ್ಪಲು ನನ್ನ ಬೆರಳುಗಳೇ ಬಿಡುವುದಿಲ್ಲ. ತುಮಕೂರಿನಲ್ಲಿ ನನ್ನ ಸೋದರಮಾವನದು ಮೋಟಾರ್ ರಿವೈಂಡಿಂಗ್ ಅಂಗಡಿ. ರಜೆಯಲ್ಲಿ ಹೋದಾಗ ನನ್ನ ಕೈಗೆ ಎರಡು ಸಣ್ಣ ಮೋಟಾರು ಕೊಟ್ಟು, "ಶಾಫ್ಟ್ ತಿರುಗ್ಸಿ ನೋಡೋ, ಯಾವುದು ಏನು ಹೇಳು" ಎಂದಿದ್ದ. ಒಂದು ಬೆರಳಿಗೆ ಹಲ್ಲು ಸಿಕ್ಕಂತೆ ತಡೆತಡೆದು ತಿರುಗಿತು. ಇನ್ನೊಂದು, ಮಿಕ್ಸಿಯದು, ಕಾರ್ಬನ್ ಬ್ರಷ್ ಉಜ್ಜುವ ಸದ್ದೊಂದು ಬಿಟ್ಟರೆ ಸರಾಗವಾಗಿ ತಿರುಗಿತು. "ಈಗ ಎರಡು ವೈರೂ ಸೇರಿಸಿ ತಿರುಗ್ಸು." ಮೊದಲನೆಯದು ಥಟ್ಟನೆ ಬಿಗಿಯಾಯಿತು, ಬೆಲ್ಲದ ಪಾಕದಲ್ಲಿ ಸೌಟು ಆಡಿಸಿದ ಹಾಗೆ. ಮಿಕ್ಸಿಯದಕ್ಕೆ ಏನೂ ಆಗಲಿಲ್ಲ. ಒಂದರೊಳಗೆ ಅಯಸ್ಕಾಂತವಿತ್ತು, ಇನ್ನೊಂದರಲ್ಲಿ ಬರೀ ತಾಮ್ರದ ಸುರುಳಿ. ಎರಡನ್ನೂ ನಾನು ಆಗ 'ಮೋಟ್ರು' ಎಂದೇ ಕರೆಯುತ್ತಿದ್ದೆ. ಹೆಸರು ಒಂದೇ ಇತ್ತು, ಬಿಗಿಯಾದದ್ದು ಒಂದೇ. 37.5 ವ್ಯಾಟ್ ದಾಟಿದ ಮೇಲೆ ಸುಂಕದ ಪಟ್ಟಿ ಕೂಡ ಎಸಿ-ಡಿಸಿ ಎರಡಕ್ಕೂ ಓಡುವ ಮಿಕ್ಸಿ ಜಾತಿಯ ಮೋಟಾರಿಗೆ 8501 20 ಎಂಬ ಬೇರೆ ಕೋಣೆಯನ್ನೇ ಕೊಟ್ಟಿದೆ. ನನ್ನ ಬೆರಳಿಗೆ ಸಿಕ್ಕ ಭೇದವೇ ಅದು. ಆಟಿಕೆಗೆಂದೇ ಮಾಡಿದ ಮೋಟಾರು ಕೂಡ ಬಿಡಿಯಾಗಿ ಬಂದರೆ ಆಟಿಕೆಗಳ 95ನೇ ಅಧ್ಯಾಯಕ್ಕೆ ಹೋಗುವುದಿಲ್ಲ, ಮೋಟಾರಾಗಿಯೇ ಉಳಿಯುತ್ತದೆ. ಏತಕ್ಕೆ ಬಳಕೆಯಾಗುತ್ತದೆ ಎಂಬುದಕ್ಕಿಂತ ಏನಾಗಿದೆ ಎಂಬುದು ಮುಖ್ಯ.

ಇಲ್ಲಿಗೆ ನಿಲ್ಲಿಸಿದ್ದರೆ ಗೆದ್ದೆ ಎನ್ನಬಹುದಿತ್ತು. ಲಾಕ್‌ನನ್ನು ಮತ್ತೆ ಓದಿದಾಗ ಅವನು ಮೇಷ್ಟ್ರಷ್ಟು ದೂರ ಹೋಗಿಲ್ಲ ಎಂದು ಗೊತ್ತಾಯಿತು. ಹೋಲಿಕೆಗಳನ್ನು ಪ್ರಕೃತಿಯೇ ಮಾಡುತ್ತದೆಂದು ಅವನೂ ಒಪ್ಪುತ್ತಾನೆ. ಯಾವ ಹೋಲಿಕೆಯನ್ನು ಹಿಡಿದು ಗಂಟು ಕಟ್ಟಬೇಕು ಎಂಬುದಷ್ಟೇ ನಮ್ಮ ಕೆಲಸ ಅನ್ನುತ್ತಾನೆ. ಆಗ 37.5 ನನಗೇ ತಿರುಗಿ ನಿಂತಿತು. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಅದರ ಇಪ್ಪತ್ತರಲ್ಲಿ ಒಂದು ಪಾಲು 37.3. ಪಟ್ಟಿಯ ಮುಂದಿನ ಗೆರೆಗಳು 750 ವ್ಯಾಟ್, 75 ಕಿಲೋವ್ಯಾಟ್. ಹೆಚ್ಚುಕಡಿಮೆ ಒಂದು ಕುದುರೆ, ನೂರು ಕುದುರೆ. 37ರ ಮೋಟಾರಿಗೂ 38ರ ಮೋಟಾರಿಗೂ ನಡುವೆ ಮಾವನ ಬೆರಳಿಗೂ ಭೇದ ಸಿಗುತ್ತಿರಲಿಲ್ಲ. ನನ್ನ 28 ಮೋಟಾರಿನ ಮಾತು, ನಿಜ. ಅದನ್ನು 37.5ರ ಪಕ್ಕ ನಿಲ್ಲಿಸಿದವರು ಮನುಷ್ಯರು.

ಇನ್ನೂ ಇದೆ. ನಮ್ಮ ದೇಶದ ಪಟ್ಟಿಯಲ್ಲಿ 8501 10ರ ಡಿಸಿ ಮೋಟಾರುಗಳ ಕೆಳಗೆ ಮೈಕ್ರೋ ಮೋಟಾರು, ಸ್ಟೆಪ್ಪರ್ ಮೋಟಾರು, ವೈಪರ್ ಮೋಟಾರು ಸಾಲಾಗಿ ಕೂತಿವೆ. ಮೊದಲನೆಯದು ಗಾತ್ರದಿಂದ ಬಂದ ಹೆಸರು, ಎರಡನೆಯದು ತಿರುಗುವ ರೀತಿಯಿಂದ, ಮೂರನೆಯದು ಮಾಡುವ ಕೆಲಸದಿಂದ. ನಾನು ಮುಂದಿನ ಬಾಗಿಲಲ್ಲಿ ತಡೆದ ಉಪಯೋಗ ಹಿತ್ತಲಿಂದ ಒಳಗೆ ಬಂದು ಕೂತಿದೆ. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರೈಲ್ವೆ ಸಿಗ್ನಲ್‌ಗೆಂದೇ ಮಾಡಿದ ರಿಲೇಗಳನ್ನು, ರಚನೆಯಲ್ಲಿ ಅವು ವಿದ್ಯುತ್ ರಿಲೇಗಳೇ ಆಗಿದ್ದರೂ, ರೈಲ್ವೆ ಸಿಗ್ನಲ್ ಉಪಕರಣದ 8608ಕ್ಕೆ ಸೇರಿಸಿತು. ಅವುಗಳ ಮುಖ್ಯ ಉಪಯೋಗವೇ ತೂಗಿತು. ಆ ತೀರ್ಪನ್ನು ಓದಿದ ದಿನ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅದು ತಪ್ಪು ಎನ್ನಲು ನನ್ನಲ್ಲಿ ಬೆರಳಿನ ಸಾಕ್ಷಿ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಆ ಸಾಕ್ಷಿ ಕೂಡ ಈಗ ಅಲುಗಾಡಿದೆ. ಅಂದು ಮಾವ ಅಯಸ್ಕಾಂತವಿದ್ದ ಮೋಟಾರಿಗೆ ಪುಟ್ಟ ಬಲ್ಬು ಕಟ್ಟಿ, ಶಾಫ್ಟಿಗೆ ಸುತ್ತಿದ ದಾರವನ್ನು ಜೋರಾಗಿ ಎಳೆದಿದ್ದ. ಬಲ್ಬು ಹೊತ್ತಿಕೊಂಡಿತ್ತು. ಮೋಟಾರೂ ಜನರೇಟರೂ ಒಂದೇ ದೇಹ. 8501ರಲ್ಲಿ ಎರಡನ್ನೂ ಒಟ್ಟಿಗೆ ಇಟ್ಟಿರುವುದು ವಸ್ತುವನ್ನು ನೋಡಿದವರ ಕೆಲಸ ಎಂದು ಬಹಳ ದಿನ ಹೆಮ್ಮೆಪಟ್ಟಿದ್ದೆ. ಆದರೆ ಒಳಗಿನ ಕೋಣೆ ನೋಡಿ. 8501 10 ಮೋಟಾರಿಗೆ ಮಾತ್ರ. 28 ವ್ಯಾಟಿನದೇ ಡಿಸಿ ಜನರೇಟರು ಬಂದರೆ 8501 31. ಸೈಕಲ್ ದೀಪದ ಡೈನಮೋ ಆದರೆ ಮನೆಯೇ ಬೇರೆ, 8512.

ಕಳೆದ ವಾರ ತಂಗಿಯ ಮಗ ನನ್ನ ಮೇಜಿನ ಮೇಲಿದ್ದ ಸ್ಯಾಂಪಲ್ ಮೋಟಾರೊಂದನ್ನು ಒಯ್ದು, ಅದರ ಶಾಫ್ಟಿಗೆ ರಬ್ಬರ್ ತುಂಡು ಸಿಕ್ಕಿಸಿ, ಸೈಕಲ್ ಟೈರಿಗೆ ತಾಗುವಂತೆ ಕಟ್ಟಿದ್ದ. ಸಂಜೆ ಕತ್ತಲಲ್ಲಿ ದೀಪ ಉರಿಸಿಕೊಂಡು ಗೇಟಿನೊಳಗೆ ಬಂದು ಕೇಳಿದ: "ಮಾವ, ಇದು ಈಗ ಮೋಟ್ರೋ, ಡೈನಮೋನೋ?"

ಬಿಚ್ಚಿ ಅವನ ಕೈಗೆ ಕೊಟ್ಟು, ಎರಡು ವೈರೂ ಸೇರಿಸಿ ತಿರುಗ್ಸು ಎಂದೆ. ತಿರುಗಿಸಿದ. ಬಿಗಿಯಾಯಿತು. ಅವನು ಕೇಳಿದ್ದು ಅದನ್ನಲ್ಲ.