ಛತ್ರದವನಿಗೆ ಕೊಟ್ಟ ಎರಡು ಹಣ

2018ನೆಯ ಡಿಸೆಂಬರಿನಲ್ಲಿ ಅರಸೀಕೆರೆ ತಾಲೂಕಿನಲ್ಲಿ 52 ಮಂದಿ ಕೂಲಿಯವರನ್ನು ಪೊಲೀಸರು ಜೀತದಿಂದ ಬಿಡಿಸಿದರು. ಒಳ್ಳೇ ಕೂಲಿಯ ಆಸೆ ತೋರಿಸಿ ಅವರನ್ನು ಕರೆತಂದು ಕೂಡಿಹಾಕಿದ್ದರು. ಬಿಡಿಸಿದ್ದಾಯಿತು, ಆದರೆ ಬರಿಗೈಯವರಿಗೆ ಮಾರನೆಯ ದಿನದ ಅನ್ನವೆಲ್ಲಿ?

ಸಮಾರ್ಯದವನು ಗಾಯಪಟ್ಟವನನ್ನು ದಾರಿಯಿಂದ ಎತ್ತಿದ್ದಲ್ಲದೆ ಛತ್ರದವನ ಕೈಗೆ ಎರಡು ಹಣ ಕೊಟ್ಟು, ಮಿಕ್ಕ ವೆಚ್ಚವನ್ನೂ ತಾನೇ ವಹಿಸಿಕೊಂಡನು. ಅದರಂತೆಯೇ ಜೀತವಿಮುಕ್ತರಿಗಾಗಿ ಪ್ರತಿ ಜಿಲ್ಲೆಯಲ್ಲಿಯೂ ಕನಿಷ್ಠ 10 ಲಕ್ಷ ರೂಪಾಯಿಗಳ ನಿಧಿ ಇರತಕ್ಕದ್ದೆಂದು 2016ರ ಸರಕಾರೀ ಯೋಜನೆಯು ವಿಧಿಸಿತು. ಈಗ ತಕ್ಷಣದ ನೆರವು 30,000 ರೂಪಾಯಿಗಳ ವರೆಗೆ ಉಂಟು. ಅದಕ್ಕೆ ಮೊಕದ್ದಮೆಯ ತೀರ್ಪನ್ನು ಕಾಯಬೇಕಾಗಿಲ್ಲ.

ಆದಕಾರಣ ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಸಭೆಯವರಾದ ನಾವು ಇಂಥವರನ್ನು ಕಂಡರೆ ತಹಸೀಲ್ದಾರರಿಗೆ ತಿಳಿಸಿ, ಹಣವು ಕೈಸೇರುವ ತನಕ ಅವರ ಸಂಗಡ ಕಚೇರಿಗೆ ನಡೆಯೋಣ. ಛತ್ರದ ಬಾಗಿಲಲ್ಲೇ ಬಿಟ್ಟುಹೋಗುವುದು ಪ್ರೀತಿಯಲ್ಲ. ಆಮೆನ್.